ಮೂರು ದಿನ ನೀರು ಸೋಕಬಾರದು

ಬಣ್ಣ ಬಳಿಯುವವನಿಗೆ ಗೋಡೆಯಿಂದ ಯಾವತ್ತೂ ತೊಂದರೆ ಇಲ್ಲ. ಅದರ ಪಾಡಿಗೆ ಅದು ನಿಂತಿರುತ್ತದೆ. ತೊಂದರೆ ಏನಿದ್ದರೂ ಆ ನಾಲ್ಕು ಗೋಡೆಗಳ ನಡುವೆ ವಾಸ ಮಾಡುವವರದು. ತುಮಕೂರಿನಲ್ಲಿ ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ. ಇನ್ನು ಇಂಥದ್ದೆಲ್ಲ ಮುಗಿಯಿತು ಅಂದುಕೊಂಡ ವಾರದಲ್ಲೇ ಇನ್ನೊಂದು ನಡೆಯುತ್ತದೆ.

ಈಚೆಗೆ ನನಗೆ ಹೆಚ್ಚಾಗಿ ಸಿಗುವುದು ಬಾತ್‌ರೂಮಿನ ಕೆಲಸ. ಒಂದು ಕಾಲದಲ್ಲಿ ಮನೆ ಕಟ್ಟಿಸಿದವರೆಲ್ಲ ಬಾತ್‌ರೂಮಿಗೆ ಹೂವಿನ ಟೈಲ್ಸ್ ಹಾಕಿಸಿದ್ದರು. ತಿಳಿಹಸಿರು, ಗುಲಾಬಿ, ಕಾಫಿಪುಡಿ ಬಣ್ಣ. ಸಾಲಿಗೊಂದು ಹಂಸ, ಇಲ್ಲದಿದ್ದರೆ ಕೊಡ ಹೊತ್ತ ಹೆಂಗಸು. ಈಗ ಆ ಹಂಸ ಕಂಡರೆ ಮನೆಯವರಿಗೇ ಆಗುವುದಿಲ್ಲ. ಒಡೆಸಿ ಹೊಸದು ಹಾಕಿಸೋಣವೆಂದರೆ ಕೈಯಲ್ಲಿ ಅಷ್ಟು ದುಡ್ಡು ಓಡಾಡುವುದಿಲ್ಲ. ಆಗ ಯಾರೋ ಹೇಳುತ್ತಾರೆ, ಟೈಲ್ಸ್ ಮೇಲೇ ಬಳಿಯುವ ಪೇಂಟ್ ಬಂದಿದೆಯಂತೆ ಅಂತ. ನನಗೆ ಫೋನ್ ಬರುತ್ತದೆ.

ಕೆಲಸ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಟೈಲ್ಸ್ ಮೇಲಿನ ಸೋಪಿನ ಜಿಡ್ಡು, ಗಡಸು ನೀರಿನ ಕಲೆ ತೊಳೆದು ತೆಗೆಯಬೇಕು. ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ಹೊಳಪು ಸಾಯಿಸಬೇಕು. ಆಮೇಲೆ ಪ್ರೈಮರ್ ಒಂದು ಕೋಟು, ಪೇಂಟ್ ಎರಡು ಕೋಟು. ಈ ಪೇಂಟ್ ಎರಡು ಡಬ್ಬಿಯಲ್ಲಿ ಬರುತ್ತದೆ. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಮದ್ದು. ಬೆರೆಸಿ ಬಳಿದ ಮೇಲೆ ಮೂರು ದಿನ ಅದಕ್ಕೆ ಒಂದು ಹನಿ ನೀರು ಸೋಕಬಾರದು. ಅಷ್ಟು ತಡೆದುಕೊಂಡರೆ ಎಷ್ಟೋ ವರ್ಷ ಬರುತ್ತದೆ. ಆದರೆ ಹೇಳಿದ ತಕ್ಷಣ ಹೂಂ ಅಂದು ಮೂರು ದಿನ ಸುಮ್ಮನಿದ್ದ ಮನೆಯನ್ನು ನಾನಿನ್ನೂ ನೋಡಿಲ್ಲ. ಅದಕ್ಕೇ ಚೀಟಿ ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೇನೆ: "ಪೇಂಟ್ ಹಸಿ ಇದೆ. ಮೂರು ದಿನ ನೀರು ಸೋಕಬಾರದು. ಯಾರೇ ಬಂದರೂ ಬಾಗಿಲು ತೆಗೆಯಬೇಡಿ." ಕೆಲಸ ಮುಗಿಸಿ ಬಾಗಿಲಿಗೆ ಅಂಟಿಸಿ ಬರುತ್ತೇನೆ.

ಇಷ್ಟೆಲ್ಲ ಇದ್ದೂ ನಮ್ಮ ಮನೆಯ ಬಾತ್‌ರೂಮಿನ ಟೈಲ್ಸ್ ಮೇಲೆ ಸಾಲುಸಾಲು ನೀಲಿ ಮೀನುಗಳು ಹಾಗೇ ಇದ್ದವು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಮಗಳಿಗೆ ಗಂಡು ನೋಡಲು ಶುರು ಮಾಡಿದ ಮೇಲೆ ನನ್ನ ಹೆಂಡತಿ ಒಂದು ಷರತ್ತು ಹಾಕಿದಳು.

"ರೀ, ಊರೋರ ಬಚ್ಚಲೆಲ್ಲ ಬೆಳಗ್ತೀರ. ನಮ್ಮನೆ ಮೀನು ಹೋಗೋವರ್ಗೂ ಹೆಣ್ಣು ನೋಡೋಕೆ ಅಂತ ಒಬ್ರನ್ನೂ ಕರೀಬೇಡಿ. ಬಂದೋರು ಕೈಕಾಲು ತೊಳ್ಯೋಕೆ ಮೊದ್ಲು ಹೋಗೋದೇ ಅಲ್ಲಿಗೆ."

ನಾನು ನಾಳೆ, ನಾಡಿದ್ದು ಅನ್ನುತ್ತಾ ತಳ್ಳಿಕೊಂಡು ಬಂದೆ. ಒಳಗೊಳಗೆ ಹೆದರಿಕೆ ಇದ್ದೇ ಇತ್ತು. ಒಬ್ಬಳೇ ಮಗಳು, ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಒಂದು ಹೆಸರಿಡುವ ಹಾಗಿಲ್ಲ. ಅವಳ ಮದುವೆ ಪೇಂಟರ್ ಅಪ್ಪನ ಮೀನಿನ ದೆಸೆಯಿಂದ ತಪ್ಪಿಹೋದರೆ ನಾನು ಮುಖ ಎತ್ತಿಕೊಂಡು ಓಡಾಡುವುದು ಹೇಗೆ? ಅದು ಎಲ್ಲಿಗೆ ಬಂತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಬೇರೆಯವರ ಬಚ್ಚಲುಗಳು.

೧. ಅಜ್ಜಿಯ ಸ್ನಾನ

ತುಮಕೂರಿನಲ್ಲೇ ಒಬ್ಬ ಬಟ್ಟೆ ಅಂಗಡಿಯವರ ಮನೆ. ಹಂಸಗಳನ್ನೆಲ್ಲ ಮುಚ್ಚಿ ತಿಳಿ ಬೂದು ಬಣ್ಣ ಹೊಡೆದು, ಚೀಟಿ ಅಂಟಿಸಿ, ಮನೆಮಂದಿಯನ್ನೆಲ್ಲ ನಿಲ್ಲಿಸಿ ನಿಯಮ ಹೇಳಿದೆ. ಅಂಗಡಿಯವರ ತಾಯಿ ಎಂಬತ್ತರ ಹತ್ತಿರದವರು, ಹಣೆತುಂಬ ವಿಭೂತಿ. ಎಲ್ಲ ಕೇಳಿಸಿಕೊಂಡು ಮಗನ ಕಡೆ ತಿರುಗಿದರು.

"ಮೂರು ದಿನ ಸ್ನಾನ ಇಲ್ಲ ಅಂತಾನೇನೋ ಇವ್ನು?"

"ಈ ಬಚ್ಚಲಲ್ಲಿ ಇಲ್ಲ ಅಂತ ಕಣವ್ವ."

"ಸ್ನಾನ ಆಗ್ದೆ ನಾನು ಲಿಂಗ ಮುಟ್ಟಲ್ಲ. ಪೂಜೆ ಆಗ್ದೆ ಬಾಯಿಗೆ ನೀರೂ ಹಾಕಲ್ಲ. ಮೂರು ದಿನ ಆಗೋಷ್ಟರಲ್ಲಿ ಗೋಡೆನೂ ಒಣಗಿರುತ್ತೆ, ನಾನೂ ಒಣಗಿರ್ತೀನಿ."

ಅಂಗಡಿಯವರು ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ, "ಅದಕ್ಯಾಕೆ ಯೋಚ್ನೆ, ನಮ್ಮನೇಗೆ ಬನ್ನಿ ಅಜ್ಜಿ. ಮೂರೇ ದಿನ ತಾನೆ" ಅಂದರು. ಪುಣ್ಯಾತ್ಗಿತ್ತಿ ಅಂದುಕೊಂಡು ನಾನು ಸಾಮಾನು ಕಟ್ಟಿಕೊಂಡು ಬಂದೆ.

ಪಕ್ಕದ ಮನೆಯಲ್ಲಿ ಸೋಲಾರ್ ಇತ್ತು, ತಿರುಗಿಸಿದರೆ ಬಿಸಿನೀರು. ಅಜ್ಜಿ ಸ್ನಾನ ಮುಗಿಸಿ, ಒದ್ದೆ ತಲೆಯಲ್ಲಿ ಬೀದಿಗೆ ಬರಬಾರದು ಅಂತ ಅಲ್ಲೇ ಪೂಜೆಗೆ ಕೂತರು. ಪೂಜೆ ಆದಮೇಲೆ ಅಲ್ಲೇ ತಿಂಡಿ. ತಿಂಡಿ ಆದಮೇಲೆ ಆ ಮನೆಯ ಸೊಸೆ ಸಾರಿಗೆ ಎಷ್ಟು ಹುಳಿ ಹಾಕುತ್ತಾಳೆ ಅಂತ ನೋಡಿಕೊಂಡು ಮಧ್ಯಾಹ್ನದ ತನಕ ಇರುತ್ತಿದ್ದರಂತೆ. ಐದನೇ ದಿನ ಅಂಗಡಿಯವರು ಫೋನ್ ಮಾಡಿದರು.

"ಪೇಂಟ್ರೇ, ಪೇಂಟ್ ಚೆನ್ನಾಗ್ ಬಂದಿದೆ. ನಮ್ಮವ್ವ ವಾಪಸ್ ಬರ್ತಿಲ್ಲ. ಇದಕ್ಕೇನಾದ್ರೂ ನಿಮ್ಮ ಗ್ಯಾರಂಟಿ ಇದ್ಯಾ?"

ಇನ್ನೆರಡು ವಾರ ಕಳೆದ ಮೇಲೆ ಆ ಪಕ್ಕದ ಮನೆಯಾಕೆಯದೇ ಫೋನ್. ದನಿ ತಗ್ಗಿಸಿ, ನಮ್ಮ ಬಾತ್‌ರೂಮೂ ಸ್ವಲ್ಪ ನೋಡಿ ಅಂದರು. ಹೋಗಿ ನೋಡಿದರೆ ಹೊಚ್ಚ ಹೊಸ ಬಿಳಿ ಟೈಲ್ಸ್. ಹೂವಿಲ್ಲ, ಹಂಸ ಇಲ್ಲ, ಒಂದು ಗೀರೂ ಇಲ್ಲ.

"ಇದಕ್ಕೇನಾಗಿದೆ ಅಂತ ಪೇಂಟ್ ಹೊಡೀಲಿ ಅಮ್ಮ?"

"ಪೇಂಟ್ ಬೇಡಪ್ಪ," ಅಂದರು ಆಕೆ, ಒಳಮನೆಯ ಕಡೆ ಒಮ್ಮೆ ನೋಡಿ. "ಆ ಚೀಟಿ ಒಂದು ಅಂಟಿಸ್ಬಿಟ್ಟು ಹೋಗಿ."

೨. ಮೊಬೈಲ್ ನೋಡಿ ಬಳಿದದ್ದು

ಹಾಗಲವಾಡಿ ಕಡೆಯ ಒಬ್ಬ ಮೇಷ್ಟ್ರು ಫೋನ್ ಮಾಡಿ, ಟೈಲ್ಸ್ ಪೇಂಟ್ ಬಳಿಯುವುದು ಹೇಗೆ ಅಂತ ಬರೀ ವಿವರ ಕೇಳಿದರು. ನಾನೇ ಬಂದು ಮಾಡಿಕೊಡುತ್ತೇನೆ ಅಂದೆ. ಯೋಚನೆ ಮಾಡಿ ಹೇಳುತ್ತೇನೆ ಅಂದರು. ಹೀಗೆ ಅಂದವರು ಯೋಚನೆ ಮಾಡುವುದಿಲ್ಲ, ಮೊಬೈಲ್ ನೋಡುತ್ತಾರೆ.

ಒಂದು ತಿಂಗಳಾದ ಮೇಲೆ ಅವರೇ ಕರೆಸಿದರು. ಮನೆಯ ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ, ಸುಣ್ಣ ಹೊಡೆದ ಹಾಗೆ ಬುಡವೆಲ್ಲ ಬೆಳ್ಳಗಿತ್ತು. ಬಚ್ಚಲ ನೀರು ಹರಿಯುವುದು ಅದರ ಬುಡಕ್ಕೆ. ನನಗೆ ಅಲ್ಲೇ ಅರ್ಧ ಅರ್ಥವಾಯಿತು. ಒಳಗೆ ಹೋದರೆ ಕೊಡ ಹೊತ್ತ ಹೆಂಗಸು ಎಲ್ಲ ಟೈಲ್ಸ್ ಮೇಲೂ ನಗುತ್ತಾ ನಿಂತಿದ್ದಳು. ಮೇಷ್ಟ್ರು ಮಾಡಿದ್ದೇನೆಂದರೆ, ನಡುಮನೆ ಗೋಡೆಗೆ ಹೊಡೆಸಿ ಮಿಕ್ಕಿದ್ದ, ನೀರು ತಾಗಿದರೆ ಬಿಟ್ಟುಹೋಗುವ ಡಿಸ್ಟೆಂಪರನ್ನೇ ನೀರು ಬೆರೆಸಿ ಬಾತ್‌ರೂಮಿಗೆ ಬಳಿದಿದ್ದರು. ಇರೋದು ಬಿಟ್ಟು ಹೊಸ ಡಬ್ಬಿ ಯಾಕೆ ತರಬೇಕು ಅನ್ನುವುದು ಅವರ ಲೆಕ್ಕ. ಬಳಿದು ಮುಗಿಸಿದ ದಿನವೇ ಹೆಂಡತಿಯ ತಮ್ಮ ಊರಿನಿಂದ ಬಂದವನು ಮೊದಲ ಸ್ನಾನಕ್ಕೆ ಹೋಗಿದ್ದಾನೆ. ಬಚ್ಚಲು ಕಿರಿದು. ಆಚೀಚೆ ಗೋಡೆಗೆ ಒರಗದೆ ಬಗ್ಗುವ ಹಾಗಿಲ್ಲ.

"ಬೆಳ್ಳಗಾಗಿದ್ದು ಗೋಡೆ ಅಲ್ಲ ಪೇಂಟ್ರೇ, ನಮ್ ಬಾವಮೈದ," ಅಂದರು ಮೇಷ್ಟ್ರು. ಬಾಗಿಲ ಹಿಂದೆ ನಿಂತಿದ್ದ ಅವರ ಹೆಂಡತಿಗೆ ಇನ್ನೂ ನಗು ಬಂದಿರಲಿಲ್ಲ. ತಮ್ಮ ಆಕೆಯ ಕಡೆಯವನಲ್ಲವೇ.

"ಬಳಿಯೋಕೆ ಎಷ್ಟು ದಿನ ಹಿಡೀತು ಸಾರ್?"

"ಎರಡು ದಿನ ಹಿಡೀತು."

"ಹೋಗೋಕೆ?"

"ಎರಡು ಚೊಂಬು."

೩. ಹತ್ತೂವರೆಯಿಂದ ಹನ್ನೆರಡು

ಕುಣಿಗಲ್‌ನಲ್ಲಿ ಒಬ್ಬರು ಸರ್ಕಾರಿ ಕಚೇರಿಯಿಂದ ರಿಟೈರ್ ಆದವರು. ಕೆರೆ ಏರಿ ಕಡೆಗೆ ಮುಖ ಮಾಡಿದ ಮನೆ. ಶುಕ್ರವಾರ ಮೊದಲ ಕೋಟು ಅಂತ ನಿಗದಿ. ನಾನು ಹೋಗುವಾಗ ಬಸ್ಸು ತಡವಾಗಿ, ಹತ್ತೂವರೆ ದಾಟಿದ ಮೇಲೆ ಎರಡು ಡಬ್ಬಿಯನ್ನೂ ಟಬ್ಬಿಗೆ ಸುರಿದು ಕೋಲಿನಿಂದ ಕಲಸಿದೆ. ರೋಲರ್ ಎತ್ತುವಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ನಿಂತರು.

"ತಡೀರಿ. ರಾಹುಕಾಲ. ಹನ್ನೆರಡರ ಮೇಲೆ ಶುರು ಮಾಡಿ."

"ಮದ್ದು ಬೆರೆಸ್ಬಿಟ್ಟಿದೀನಿ ಸಾರ್. ಇದು ಕಾಯಲ್ಲ, ಗಟ್ಟಿಯಾಗೋಗುತ್ತೆ."

"ಏನ್ರೀ, ನಮ್ಮ ಆಫೀಸಲ್ಲಿ ಫೈಲುಗಳು ವರ್ಷಗಟ್ಲೆ ಕಾದಿವೆ. ನಿಮ್ ಪೇಂಟು ಒಂದೂವರೆ ಗಂಟೆ ಕಾಯಲ್ವಾ?"

ಫೈಲಿಗೆ ಮದ್ದು ಬೆರೆಸಿರುವುದಿಲ್ಲ ಅಂತ ಹೇಳಬೇಕೆನಿಸಿತು. ಹಿರಿಯರು, ಹೇಳಲಿಲ್ಲ. ಒಂದು ಗೋಡೆಯನ್ನಾದರೂ ಮುಗಿಸುತ್ತೇನೆ ಅಂದೆ, ಒಪ್ಪಲಿಲ್ಲ. ಜಗಲಿಯ ಮೇಲೆ ಇಬ್ಬರೂ ಕೂತೆವು. ಕಾಫಿ ಬಂತು. ಅವರ ಸರ್ವೀಸಿನ ಕಥೆ ಬಂತು. ನಾನು ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ಟಬ್ಬನ್ನು ಕಲಸಿ ಬರುತ್ತಿದ್ದೆ. ಮೊದಲು ಮಜ್ಜಿಗೆಯ ಹಾಗಿತ್ತು, ಆಮೇಲೆ ದೋಸೆಹಿಟ್ಟು, ಆಮೇಲೆ ರಾಗಿಮುದ್ದೆಯ ಹದ. ಹನ್ನೆರಡಕ್ಕೆ ಅವರು ಗಡಿಯಾರ ನೋಡಿ, "ಈಗ ಏಳಿ" ಅಂದರು. ಒಳಗೆ ಹೋಗಿ ಕೋಲು ಹಿಡಿದು ಎತ್ತಿದೆ. ಕೋಲಿನ ಜೊತೆ ಪೇಂಟು, ಪೇಂಟಿನ ಜೊತೆ ಟಬ್ಬು, ಮೂರೂ ಒಟ್ಟಿಗೆ ಎದ್ದು ಬಂದವು.

ಯಜಮಾನರು ಅದನ್ನು ಸುತ್ತಲೂ ನೋಡಿದರು. ಬೆರಳಿನಿಂದ ತಟ್ಟಿ ನೋಡಿದರು. ಇನ್ನಾದರೂ ತಮ್ಮ ತಪ್ಪು ಒಪ್ಪಿಕೊಳ್ಳುತ್ತಾರೆ ಅಂತ ನಾನು ಕಾಯುತ್ತಿದ್ದೆ.

"ಬೆರೆಸಿದ್ದು ಎಷ್ಟೊತ್ತಿಗೆ?"

"ಹತ್ತು ಮೂವತ್ತೈದು ಆಗಿತ್ತು ಸಾರ್."

"ನೋಡಿದ್ರಾ," ಅಂದರು. "ರಾಹುಕಾಲದಲ್ಲಿ ಬೆರೆಸಿದ್ರೆ ಇನ್ನೇನಾಗುತ್ತೆ?"

ಹೊಸ ಡಬ್ಬಿ ತಂದು ಆ ಕೆಲಸ ಮುಗಿಸಿಕೊಟ್ಟೆ. ಕೋಲು ನೆಟ್ಟ ಆ ಟಬ್ಬು ಈಗಲೂ ಅವರ ಜಗಲಿಯಲ್ಲಿದೆಯಂತೆ. ರಾಹುಕಾಲ ಎಲ್ಲ ಸುಳ್ಳು ಅನ್ನುವ ಹುಡುಗರು ಯಾರಾದರೂ ಬಂದರೆ ತೋರಿಸಲಿಕ್ಕೆ.

೪. ಗುಬ್ಬಿಯ ಅಂಗೈ

ಗುಬ್ಬಿಯಲ್ಲಿ ಒಂದು ಕೂಡುಕುಟುಂಬ. ಯಜಮಾನರು, ಅವರ ತಮ್ಮ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಇಷ್ಟೂ ಜನರನ್ನು ಕಣ್ಣಲ್ಲೇ ನಡೆಸುವ ಯಜಮಾನಿ. ಅರವತ್ತರ ಹೆಂಗಸು, ಗಟ್ಟಿ ದನಿ, ಕೈತುಂಬ ಬಳೆ. ಅವರ ಮನೆಯಲ್ಲಿ ಹೊರಗೊಂದು ಹಳೇ ಬಚ್ಚಲು ಇತ್ತು. ಹಾಗಾಗಿ ಒಳಗಿನದನ್ನು ಮೂರು ದಿನ ಮುಟ್ಟದೇ ಇರುವುದು ಕಷ್ಟವಲ್ಲ ಅಂತ ನಾನು ನೆಮ್ಮದಿಯಾಗಿದ್ದೆ.

ಎರಡನೇ ದಿನ ಬೆಳಿಗ್ಗೆ ಮರೆತುಬಂದ ಮಡಚುವ ಏಣಿ ತರಲು ಹೋದೆ. ಒಂದು ಸಲ ಇಣುಕಿ ನೋಡೋಣವೆಂದು ಬಾಗಿಲು ತೆಗೆದರೆ ನೆಲ ಒದ್ದೆ. ಎದುರು ಗೋಡೆಯ ಮೇಲೆ ಒಂದು ಅಂಗೈ. ಐದು ಬೆರಳೂ ನಿಚ್ಚಳವಾಗಿ ಮೂಡಿ, ಪೇಂಟ್ ಅಷ್ಟಗಲ ಎದ್ದು ಬಂದಿತ್ತು. ಯಾರೋ ಸ್ನಾನ ಮಾಡುವಾಗ ಜಾರಿ ಗೋಡೆ ಹಿಡಿದಿದ್ದಾರೆ.

ಎಲ್ಲರನ್ನೂ ಕರೆದು ಕೇಳಿದೆ. ನಾನಲ್ಲ, ನಾನಲ್ಲ ಅಂತ ಸಾಲಾಗಿ ಹೇಳಿದರು. ಸರಿ, ಆದದ್ದು ಆಯಿತು, ಆ ಜಾಗ ಉಜ್ಜಿ ಸರಿ ಮಾಡೋಣವೆಂದು ಗಾಡಿಯಲ್ಲಿದ್ದ ಥಿನ್ನರ್ ತರಲು ಹೊರಗೆ ಹೋದೆ. ಹೋಗಿ ಬರಲು ಐದು ನಿಮಿಷ. ಅಷ್ಟರಲ್ಲಿ ದೊಡ್ಡ ಮಗನಿಗೆ ಒಂದು ಬುದ್ಧಿ ಓಡಿದೆ. ಎಲ್ಲರೂ ಒಬ್ಬೊಬ್ಬರಾಗಿ ಆ ಗುರುತಿನ ಪಕ್ಕ ಕೈ ಇಟ್ಟು ಅಳತೆ ನೋಡೋಣ, ಕಳ್ಳರು ಸಿಕ್ಕೇ ಸಿಗುತ್ತಾರೆ ಅಂತ. ನಾನು ಬಂದು ನೋಡಿದಾಗ ಒಂದಿದ್ದದ್ದು ಏಳಾಗಿತ್ತು. ಹಸಿ ಪೇಂಟಿನ ಮೇಲೆ ಯಜಮಾನರದು, ತಮ್ಮನದು, ಮಕ್ಕಳದು, ಸೊಸೆಯರದು, ಎಲ್ಲ ಸಾಲಾಗಿ ಮೂಡಿದ್ದವು. ಗೋಡೆ ನನಗೆ ಆಶೀರ್ವಾದ ಮಾಡುತ್ತಾ ನಿಂತ ಹಾಗಿತ್ತು.

ಯಜಮಾನಿ ಮಾತ್ರ ಅಲ್ಲಿ ಇರಲಿಲ್ಲ. "ಅಮ್ಮಂದು ನೋಡ್ಲಿಲ್ವಾ?" ಅಂತ ಕೇಳಿದೆ. ಒಲೆಯ ಮೇಲೆ ಹಾಲಿದೆ ಅಂತ ಹೋದರಂತೆ. ಸೊಸೆಯರಿಬ್ಬರೂ ನೆಲ ನೋಡಿಕೊಂಡು ನಿಂತರು. ಯಜಮಾನರಿಗೆ ಇದ್ದಕ್ಕಿದ್ದ ಹಾಗೆ ಕೆಮ್ಮು ಬಂತು. ನನಗೆ ಎಲ್ಲ ತಿಳಿದುಹೋಯಿತು. ಸಿಟ್ಟೂ ಬಂತು. ಅಡುಗೆಮನೆ ಬಾಗಿಲಿಗೆ ಹೋಗಿ ಎಲ್ಲರ ಎದುರಿಗೇ ಹೇಳಿದೆ.

"ದೇವರೇ ಬಂದು ನಿಂತ್ರೂ ಬಾಗಿಲು ತೆಗೀಬೇಡಿ ಅಂತ ಹೇಳಿದ್ನಲ್ಲಮ್ಮ. ಮೂರು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ?"

ಆಕೆ ಸೌಟು ಕೆಳಗಿಟ್ಟು, ನಿಧಾನಕ್ಕೆ ಬಂದು, ಬಚ್ಚಲ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ನನಗ್ಯಾಕೆ ಹೇಳ್ತೀರ ಪೇಂಟ್ರೇ? ಗೋಡೆ ನೋಡಿ. ಮನೇಲಿರೋ ಎಲ್ರ ಕೈಯೂ ಇದೆ. ನನ್ದೊಂದೇ ಇಲ್ಲ."

೫. ನಮ್ಮನೆ ಮೀನು

ಗುಬ್ಬಿಯ ಆ ಗೋಡೆಯನ್ನು ಪೂರ್ತಿ ಉಜ್ಜಿ ಮತ್ತೆ ಬಳಿದೆ. ಈ ಸಲ ಬೀಗ ಜಡಿದು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ತುಮಕೂರಿಗೆ ಬಂದೆ. ಮೂರು ದಿನ ಆದಮೇಲೆ ಹೋಗಿ ತೆಗೆದುಕೊಟ್ಟೆ. ಒಂದು ವಾರಕ್ಕೆ ಯಜಮಾನಿಯ ಫೋನ್. ಮತ್ತೆ ಏನು ಎದ್ದು ಬಂತೋ ಅಂದುಕೊಂಡೇ ಎತ್ತಿದೆ.

"ನಮ್ಮನೆ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಒಯ್ದೋರು ನೀವೊಬ್ರೇ," ಅಂದರು. "ನಿಮಗೊಬ್ಳು ಮಗಳಿದಾಳೆ ಅಂದಿದ್ರಲ್ಲ. ನನ್ನ ತಮ್ಮನ ಮಗ ಇದಾನೆ, ಇಲ್ಲೇ ಮೆಡಿಕಲ್ ಸ್ಟೋರ್ ಇಟ್ಕೊಂಡವ್ನೆ. ಒಳ್ಳೇ ಹುಡುಗ, ಆದ್ರೆ ಬಲು ಮೆತ್ತಗೆ. ಅವನಿಗೆ ಹಠ ಇರೋ ಮನೆ ಹೆಣ್ಣೇ ಆಗ್ಬೇಕು."

ಫೋಟೋ ಹೋಯಿತು, ಬಂತು. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಕೊಂಡರು. ಮಗಳು ಅವರಮ್ಮನ ಹತ್ತಿರ, ಇವರಾದರೆ ಆಗಬಹುದು ಅಂದಳಂತೆ. ಅವಳು ಅಷ್ಟು ಹೇಳಿದ್ದೇ ದೊಡ್ಡದು. ನನಗೆ ಖುಷಿಯಾಯಿತು, ಅದರ ಹಿಂದೆಯೇ ಹೆದರಿಕೆಯೂ ಆಯಿತು. ಹುಡುಗನ ಅಪ್ಪ ಅಕ್ಕನ ಮಾತು ಮೀರುವವರಲ್ಲ. ಆಕೆ ಹೂಂ ಅಂದರೆ ಮದುವೆ, ಉಹೂಂ ಅಂದರೆ ಇಲ್ಲ. ಬರುವ ಭಾನುವಾರ ಹೆಣ್ಣು ನೋಡಲು ಬರುತ್ತೇವೆ ಅಂದರು.

ಹೆಂಡತಿ ನನ್ನನ್ನು ನೋಡಿದಳು. ಸೋಮವಾರ ಬೇರೆ ಕೆಲಸ ಬಿಟ್ಟು ನಮ್ಮ ಮೀನಿಗೆ ಕೈ ಹಾಕಿದೆ. ಮಂಗಳವಾರ ಉಜ್ಜಿ ಪ್ರೈಮರ್ ಹೊಡೆದೆ. ಬುಧವಾರ ಕೆನೆ ಬಣ್ಣ ಒಂದು ಕೋಟು. ಆ ಲೆಕ್ಕದಲ್ಲಿ ಗುರುವಾರ ಬೆಳಗಿನ ಜಾವಕ್ಕೆ ಎರಡನೇದೂ ಮುಗಿದು ಭಾನುವಾರಕ್ಕೆ ಒಣಗಬೇಕಿತ್ತು. ಹೆಂಡತಿ ಬಂದು ನೋಡಿ, "ಇದೇನ್ರೀ ಆಸ್ಪತ್ರೆ ವಾರ್ಡ್ ಥರ ಇದೆ. ಆ ಬಟ್ಟೆ ಅಂಗಡಿಯೋರ ಮನೆಗೆ ಹೊಡೆದ್ರಲ್ಲ, ಆ ಬೂದು ಬಣ್ಣ ಹೊಡೀರಿ" ಅಂದಳು. ಗಿರಾಕಿ ಹೇಳಿದ ಮೇಲೆ ಮುಗಿಯಿತು. ಬೂದು ಬಣ್ಣದ ಎರಡನೇ ಕೋಟು ಮುಗಿದದ್ದು ಶುಕ್ರವಾರ ಸಂಜೆ. ಶನಿವಾರ ಒಂದು, ಭಾನುವಾರ ಎರಡು.

"ಅವ್ರಿಗೆ ಮುಂದಿನ ವಾರ ಬನ್ನಿ ಅನ್ನೋಣ್ವಾ?" ಅಂದೆ.

"ಹೆಣ್ಣು ನೋಡೋಕೆ ಬರ್ತೀವಿ ಅಂದೋರಿಗೆ ಪೇಂಟ್ ಒಣಗಿಲ್ಲ ಅಂತೀರಾ?"

ನಮ್ಮ ಮನೆಯಲ್ಲಿ ಕಕ್ಕಸು, ಬಚ್ಚಲು ಎಲ್ಲ ಅದೊಂದರೊಳಗೇ. ಬಾಗಿಲಿಗೆ ಬೀಗ ಹಾಕಿ, ನನ್ನದೇ ಚೀಟಿ ಅಂಟಿಸಿ, ನಾವು ಮೂವರೂ ಪಕ್ಕದ ಮನೆಗೆ ಹೋಗಿ ಬರುತ್ತಿದ್ದೆವು. ಬಂದವರಿಗೂ ಅಲ್ಲೇ ವ್ಯವಸ್ಥೆ ಅಂತ ಮಾತಾಗಿತ್ತು. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದ ಮನೆಗೆ ಬೀಗ. ಯಾವುದೋ ಹರಕೆ ನೆನಪಾಗಿ ಎಲ್ಲರೂ ದೇವರಾಯನದುರ್ಗಕ್ಕೆ ಹೋಗಿದ್ದರು. ಫೋನ್ ಮಾಡಿದರೆ ಬೆಟ್ಟದಲ್ಲಿ ಸಿಗ್ನಲ್ ಇಲ್ಲ. ಆಗಿನಿಂದ ನಾವು ಮೂವರೂ ಒಂದು ಗುಟುಕು ನೀರು ಕುಡಿಯಲಿಲ್ಲ.

ಹನ್ನೊಂದಕ್ಕೆ ಕಾರು ಬಂತು. ಹುಡುಗ, ಅವನ ಅಪ್ಪ ಅಮ್ಮ, ಗುಬ್ಬಿಯ ಯಜಮಾನಿ, ಅವರ ಯಜಮಾನರು. ಅಂಗಳದ ನಲ್ಲಿಯ ಹತ್ತಿರ ಎರಡು ಬಕೆಟ್ಟು, ಚೊಂಬು, ಹೊಸ ಟವೆಲ್ ಇಟ್ಟಿದ್ದೆ. ಅಲ್ಲೇ ಕೈಕಾಲು ತೊಳೆದುಕೊಂಡು ಬಂದು ಕೂತರು. ಮೊದಲ ಗಂಡಾಂತರ ದಾಟಿತು.

ಆದರೆ ಬೇಸಿಗೆ. ಹೆಂಡತಿ ತಂಬಿಗೆಯಲ್ಲಿ ನೀರು ತಂದಳು, ಆಮೇಲೆ ಪಾನಕ ತಂದಳು. ಉಪ್ಪಿಟ್ಟು, ಕೇಸರಿಬಾತ್ ಆದಮೇಲೆ ಮಜ್ಜಿಗೆ. ನಾನು ಬಾಗಿಲ ಸಂದಿಯಿಂದ ಬೇಡ ಬೇಡ ಅಂತ ಕಣ್ಣು ಮಾಡುತ್ತಿದ್ದೆ. ಅವಳಿಗೂ ಗೊತ್ತು. ಆದರೆ ಬಂದ ಬೀಗರಿಗೆ "ಇನ್ನೊಂದು ಲೋಟ" ಅನ್ನದೆ ಅವಳ ನಾಲಿಗೆ ಸುಮ್ಮನಿರುವುದಿಲ್ಲ. ಹುಡುಗನ ಅಪ್ಪ ಮಜ್ಜಿಗೆ ಪ್ರಿಯರು, ಮೂರು ಲೋಟ ಕುಡಿದರು. ನಾಲ್ಕನೆಯದಕ್ಕೆ ಅವಳು ಬಗ್ಗಿದಾಗ ನಾನು ಜಗ್ಗನ್ನು ಕೈಯಿಂದ ತೆಗೆದುಕೊಂಡೆ. ಹುಡುಗನ ಅಮ್ಮ ಅದನ್ನು ನೋಡಿದರು. ಹೆಣ್ಣಿನಪ್ಪ ಜಿಪುಣ ಅಂತ ಅವರ ಮುಖದಲ್ಲೇ ಬರೆದಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಮಗಳು ತಟ್ಟೆತುಂಬ ಕಲ್ಲಂಗಡಿ ಹಣ್ಣು ಹಿಡಿದು ಬಂದಳು.

ಹುಡುಗಿ ನೋಡಿದ್ದಾಯಿತು. ಇನ್ನು ಮಾತುಕತೆ. ನಮ್ಮ ಕಡೆ ಮಾತುಕತೆ ಅಂದರೆ ಸುಮ್ಮನೆ ಅಲ್ಲ. ಛತ್ರ ಯಾವುದು, ಎಷ್ಟು ಜನ, ಯಾವ ಸ್ವಾಮಿಗಳನ್ನು ಕರೆಯುವುದು, ಯಾರಿಗೆ ಯಾವ ಸೀರೆ, ಎಲ್ಲ ಆಗುವಾಗ ಸಂಜೆಯಾಗುತ್ತದೆ. ಹುಡುಗನ ಅಪ್ಪ ಚಕ್ಕಂಬಕ್ಕಳ ಹಾಕಿ ಕೂತು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಅದೇ ಹೊತ್ತಿಗೆ ಯಜಮಾನಿ ಎದ್ದು, ಯಾರನ್ನೂ ಕೇಳದೆ, ಮನೆಯ ಹಿಂಭಾಗಕ್ಕೆ ನಡೆದರು. ನಾನು ಹಿಂದೆಯೇ ಓಡಿದೆ.

ಆಕೆ ಬೀಗ ಹಾಕಿದ ಬಾಗಿಲ ಎದುರು ನಿಂತು ಚೀಟಿಯನ್ನು ಮೇಲಿನಿಂದ ಕೆಳಗಿನ ತನಕ ಓದಿದರು.

"ಎಷ್ಟನೇ ದಿನ?"

"ಎರಡನೇದಮ್ಮ."

ಅತ್ತ ದರಿ, ಇತ್ತ ಪುಲಿ. ಒಂದು ಗಳಿಗೆ ಯೋಚಿಸಿದೆ, ಅಷ್ಟೇ. ಪೇಂಟ್ ನೂರು ಸಲ ಬಳಿಯಬಹುದು, ಮಗಳಿಗೆ ಇಂಥ ಸಂಬಂಧ ನೂರು ಸಲ ಬರುವುದಿಲ್ಲ. ಜೇಬಿನಿಂದ ಕೀಲಿಕೈ ತೆಗೆದು ಬೀಗಕ್ಕೆ ಹಾಕಿದೆ. "ನೀವು ಹೋಗ್ಬನ್ನಿ ಅಮ್ಮ. ಪರವಾಗಿಲ್ಲ, ಇನ್ನೊಂದ್ಸಲ ಹೊಡ್ಕೋತೀನಿ."

ಆಕೆ ನನ್ನ ಕೈಯ ಮೇಲೆ ಕೈ ಇಟ್ಟು ತಡೆದರು.

"ಬೇಡ. ನಾನಿಲ್ಲಿ ಎರಡನೇ ದಿನ ಒಳಗೆ ಹೋದೆ ಅಂತ ನಮ್ಮನೆಯೋರು ಊರಿಗೆ ಹೋಗಿ ಹೇಳಿದ್ರೆ ಸೊಸೆಯಂದ್ರು ಏನಂದ್ಕೋತಾರೆ? ಅಲ್ಲಿ ಕೈ ಇಟ್ಟಿದ್ದೂ ಅತ್ತೇನೇ ಅಂತಾರೆ."

ಅಂದವರೇ ನಡುಮನೆಗೆ ವಾಪಸ್ ಬಂದು, ಕೂರದೆ, ಕಂಬಕ್ಕೆ ಕೈಕೊಟ್ಟು ನಿಂತರು.

"ನೋಡಿ, ಹುಡುಗಿ ನಮಗೆ ಒಪ್ಪಿಗೆ. ಹುಡುಗ ಅವಾಗ್ಲಿಂದ ಹಲ್ಲು ಕಿರೀತಾನೇ ಇದಾನೆ, ಅವನದೂ ಒಪ್ಪಿಗೆ. ಛತ್ರ ನೀವು ಹೇಳಿದ್ದೇ. ಸೀರೆ ನೀವು ಕೊಟ್ಟಿದ್ದೇ. ತಾಂಬೂಲದ ತಟ್ಟೆ ತಗೊಂಡ್ಬನ್ನಿ."

"ಇದೇನಕ್ಕ, ಕೂತ್ಕೊಂಡು ಮಾತಾಡೋದಲ್ವಾ?" ಅಂದರು ತಮ್ಮ.

"ಕೂರೋಕಾಗಲ್ಲ ಕಣೋ."

"ಅಲ್ಲಕ್ಕ, ಎಷ್ಟು ಜನ ಅಂತಾದ್ರೂ..." ಅಂದು ಅವರೂ ಎದ್ದರು. ಎದ್ದ ಮೇಲೆ ಮೂರು ಲೋಟ ಮಜ್ಜಿಗೆಯ ಭಾರ ತಿಳಿದಿರಬೇಕು. ನನ್ನ ಕಡೆ ತಿರುಗಿ, "ಬೀಗ್ರೇ, ಇಲ್ಲಿ ಬಾತ್‌ರೂಮು..." ಅಂದರು.

"ಅದನ್ನ ಕೇಳ್ಬೇಡ," ಅಂದರು ಅಕ್ಕ. "ತಟ್ಟೆ ಹಿಡ್ಕೋ."

ತಟ್ಟೆ ಬದಲಾಯಿತು. ಜನ ಎಷ್ಟು ಅಂತ ಆಮೇಲೂ ಯಾರೂ ಕೇಳಲಿಲ್ಲ. ನಮ್ಮ ಬೀದಿಯಲ್ಲಿ ಹತ್ತು ನಿಮಿಷಕ್ಕೆ ಕುದುರಿದ ಮದುವೆ ಇದೊಂದೇ ಇರಬೇಕು. ಕಾರು ತಿರುವು ದಾಟುವ ತನಕ ನಗುನಗುತ್ತಾ ಕೈ ಬೀಸಿ, ಮನೆಗೆ ಬೀಗ ಹಾಕಿ, ನಾವು ಮೂವರೂ ಸಿಕ್ಕಿದ ಮೊದಲ ಆಟೋ ಹತ್ತಿದೆವು. ಹತ್ತಿರದ ಪೆಟ್ರೋಲ್ ಬಂಕಿಗೆ ಬಿಡಪ್ಪ ಅಂದೆ.

ಬಂಕಿನ ಹಿಂದೆ ಹೋಗಿ ನೋಡಿದರೆ ಬೀಗರು ಅಲ್ಲೇ ಇದ್ದಾರೆ. ರೇಷ್ಮೆ ಸೀರೆ ಹೆಂಗಸರು ಆಚೆ ಬಾಗಿಲಿಗೆ, ಪಂಚೆಯ ಗಂಡಸರು ಈಚೆ ಬಾಗಿಲಿಗೆ. ನನ್ನ ಹೆಂಡತಿಯ ಕೈಯಲ್ಲಿ ಇನ್ನೂ ತಾಂಬೂಲದ ತಟ್ಟೆ, ಗಡಿಬಿಡಿಯಲ್ಲಿ ಕೆಳಗಿಡಲು ಮರೆತಿದ್ದಳು. ಒಬ್ಬರನ್ನೊಬ್ಬರು ಹೊಸದಾಗಿ ನೋಡಿದ ಹಾಗೆ ಕೈ ಮುಗಿದೆವು. ಹುಡುಗ ಹುಡುಗಿ ಮಾತ್ರ ಗಾಳಿ ಹಾಕುವ ಮೆಷಿನ್ ಪಕ್ಕ ನಿಂತು ಬಿದ್ದುಬಿದ್ದು ನಗುತ್ತಿದ್ದರು.

ಗಂಡಸರ ಬಾಗಿಲು ತೆರೆಯಿತು. ಹುಡುಗನ ಅಪ್ಪ ಬದಿಗೆ ಸರಿದು, "ಬೀಗ್ರೇ, ನೀವು ಮೊದ್ಲು" ಅಂದರು.

"ಎಲ್ಲಾದ್ರೂ ಉಂಟೇ, ಗಂಡಿನ ಕಡೆಯೋರು ಮೊದ್ಲು," ಅಂದೆ.

"ವಯಸ್ಸಿನಲ್ಲಿ ಭಾವ ದೊಡ್ಡೋರು, ಅವ್ರು ಹೋಗ್ಲಿ."

"ಛೆ, ನಂದೇನು ಅವಸರ ಇಲ್ಲ," ಅಂದರು ಯಜಮಾನರು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ.

ಹೀಗೆ ನಾವು ಮರ್ಯಾದೆ ಮಾಡಿಕೊಳ್ಳುತ್ತಿದ್ದಾಗ ಒಬ್ಬ ಲಾರಿ ಡ್ರೈವರ್ ನಮ್ಮ ನಡುವಿನಿಂದ ನಡೆದು ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ.

ನಿಶ್ಚಿತಾರ್ಥಕ್ಕೆ ಮೊದಲು ಸೀರೆ ತೆಗೆಯಲು ಅಂತ ಯಜಮಾನಿ ಮತ್ತೆ ನಮ್ಮ ಮನೆಗೆ ಬಂದರು. ಅಷ್ಟರಲ್ಲಿ ಪೇಂಟ್ ಒಣಗಿ ಎರಡು ವಾರವಾಗಿತ್ತು. ಒಂದು ಹನಿಯ ಗುರುತಿಲ್ಲ, ಒಂದು ಬೆರಳಿನ ಗುರುತಿಲ್ಲ. ನನ್ನ ಕಸುಬಿನಲ್ಲಿ ಅಷ್ಟು ಚೆನ್ನಾಗಿ ಬಂದ ಬಾತ್‌ರೂಮ್ ಇನ್ನೊಂದಿಲ್ಲ. ಆಕೆ ಬಂದವರೇ ಕಾಫಿಯನ್ನೂ ಕುಡಿಯದೆ ನೇರ ಅಲ್ಲಿಗೆ ಹೋದರು. ಎದುರು ಗೋಡೆಯ ಮೇಲೆ ಅಂಗೈ ಒತ್ತಿ ಇಟ್ಟು, ತೆಗೆದು, ಬಗ್ಗಿ ನೋಡಿದರು. ಏನೂ ಮೂಡಿರಲಿಲ್ಲ.

"ಚೆನ್ನಾಗ್ ಹಿಡ್ದಿದೆ ಬೀಗ್ರೇ," ಅಂದರು ಬಳೆ ಸರಿಮಾಡಿಕೊಳ್ಳುತ್ತಾ. "ನಮ್ಮನೇದೂ ಮೊದಲ್ನೇ ಸಲವೇ ಹಿಂಗೇ ಬರ್ತಿತ್ತು. ಯಾರು ಮುಟ್ಟಿದ್ರೋ ಏನೋ."